ಬಸುರಿಯ ಫೈಲು, ತಾಯಿ ಕಾರ್ಡು

ದೊಡ್ಡಮ್ಮ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾವಗಡ, ಶಿರಾ ಸೀಮೆಯ ಉಪಕೇಂದ್ರಗಳಲ್ಲಿ ಎಎನ್‌ಎಂ ಆಗಿದ್ದವರು. ಹಳ್ಳಿಗಳ ಬಾಯಲ್ಲಿ ಬರೀ ನರ್ಸಮ್ಮ. ಮಗಳು ಎಂದರೆ ಅವರ ತಂಗಿಯ ಮಗಳು. ಬೆಂಗಳೂರಿನ ಪಿಯು ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಾಳೆ, 28ರ ವಯಸ್ಸು, ಚೊಚ್ಚಲ ಬಸುರಿ, ಐದನೇ ತಿಂಗಳು ನಡೆಯುತ್ತಿದೆ. ತುಮಕೂರಿನ ಮನೆಯಲ್ಲಿ ಭಾನುವಾರದ ಊಟ ಮುಗಿದಿದೆ. ಮೇಜಿನ ಮೇಲೆ ಖಾಸಗಿ ಆಸ್ಪತ್ರೆಯ ದಪ್ಪ ಫೈಲೊಂದಿದೆ. ಅದರ ಪಕ್ಕದಲ್ಲಿ ಆಶಾ ಕಾರ್ಯಕರ್ತೆ ಮಾಡಿಸಿಕೊಟ್ಟ ತಾಯಿ ಕಾರ್ಡು, ಅರ್ಧಕ್ಕರ್ಧ ಖಾಲಿ. ಮಂಗಳವಾರ ಐದನೇ ತಿಂಗಳ ಸ್ಕ್ಯಾನ್. ಹೋಗುವುದಿಲ್ಲ ಎಂದು ಮಗಳು ಹೇಳಿದ್ದೇ ಮಾತಿಗೆ ಮೊದಲು.

ಮಗಳು: ನನಗೆ ಸಾಕಾಗಿದೆ ದೊಡ್ಡಮ್ಮ. ಮೂರನೇ ತಿಂಗಳಲ್ಲಿ ಎನ್‌ಟಿ ಸ್ಕ್ಯಾನ್, ಡಬಲ್ ಮಾರ್ಕರ್. ರಿಪೋರ್ಟಲ್ಲಿ ‘ಹೈ ರಿಸ್ಕ್’ ಅಂತ ಬಂತು. ಆಮೇಲೆ ಎನ್‌ಐಪಿಟಿ ಅಂತ ಇನ್ನೊಂದು ಸಲ ರಕ್ತ ತಗೊಂಡ್ರು, ಹತ್ತು ಸಾವಿರದ ಮೇಲಾಯ್ತು. ಅದು ಬರೋವರೆಗೂ ನನಗೆ ನಿದ್ದೆ ಇಲ್ಲ, ಊಟ ಇಲ್ಲ. ಕೊನೆಗೆ ಏನೂ ತೊಂದರೆ ಇಲ್ಲ ಅಂದ್ರು. ಈಗ ಮತ್ತೆ ಸ್ಕ್ಯಾನ್. ಮತ್ತೇನಾದ್ರೂ ಹುಡುಕಿ ಹೆದರಿಸೋಕಾ?

ದೊಡ್ಡಮ್ಮ: ಹೆದರಿಕೆ ನಾನೂ ನೋಡಿದೀನಿ ಕಣಮ್ಮ. ದಿನ ತುಂಬಿದ ಹುಡುಗಿ, ಮುಖ ಕಾಲೆಲ್ಲ ಬಾತುಕೊಂಡಿದೆ, ಎರಡು ದಿನದಿಂದ ತಲೆನೋವು ಅಂತಾಳೆ. ಬಸುರೀಲಿ ಬಾವು ಬರೋದು ಇದ್ದಿದ್ದೇ ಅಂತ ಮನೇವ್ರು ಸುಮ್ಮನಿದ್ರು. ರಾತ್ರಿ ಫಿಟ್ಸ್ ಬಂತು. ಗಾಳಿ ಸೋಕಿದೆ ಅಂತ ಬೇವಿನ ಸೊಪ್ಪು ಹಿಡ್ಕೊಂಡು ಕೂತಿದ್ರು. ನನ್ನ ಕರೆಯೋಕೆ ಬಂದಾಗ ಬೆಳಗಾಗಿತ್ತು, ಕಾಲ ಮಿಂಚಿತ್ತು. ಹದಿನೈದು ದಿನ ಮೊದಲು ಯಾರಾದ್ರೂ ಅವಳ ತೋಳಿಗೆ ಬಿಪಿ ಪಟ್ಟಿ ಸುತ್ತಿದ್ರೆ ಸಾಕಿತ್ತು.

ಅವರು ಹೇಳುತ್ತಿರುವುದು ಪ್ರಿ-ಎಕ್ಲಾಂಪ್ಸಿಯಾ ಎಂಬ ತೊಂದರೆಯನ್ನು. ಬಸುರಿನ 20 ವಾರ ದಾಟಿದ ಮೇಲೆ ರಕ್ತದೊತ್ತಡ 140/90ಕ್ಕೆ ಏರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ. ಬಿಟ್ಟರೆ ಫಿಟ್ಸ್ ಬರುತ್ತದೆ, ಲಿವರ್ ಕೆಡುತ್ತದೆ, ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ಶುರುವಿನಲ್ಲಿ ಬಸುರಿಗೆ ಏನೂ ಅನ್ನಿಸುವುದಿಲ್ಲ. ಆರಾಮಾಗಿದ್ದೇನೆ ಎನ್ನುವ ಹೆಂಗಸಿನ ಒಳಗೇ ಅದು ಬೆಳೆಯುತ್ತಿರುತ್ತದೆ. ಆರೋಗ್ಯವಾಗಿ ಕಾಣುವವರನ್ನೂ ಮತ್ತೆ ಮತ್ತೆ ಕರೆದು ನೋಡಬೇಕಾದ ಕಾರಣ ಇಲ್ಲಿದೆ. ಎಡಿನ್‌ಬರ್ಗಿನ ವೈದ್ಯ ಜಾನ್ ವಿಲಿಯಂ ಬ್ಯಾಲಂಟೈನ್ 1901ರಲ್ಲಿ ಹೀಗೆ ಬರೆದು ವಾದಿಸಿದರು: ಹೆರಿಗೆಯ ದಿನ ಮಾತ್ರ ಬಾಗಿಲು ತೆರೆಯುವ ಆಸ್ಪತ್ರೆ ಸಾಲದು, ಬಸುರಿಯರಿಗೂ ಹಾಸಿಗೆ ಬೇಕು ಎಂದು. ಈಗ ಮಾಮೂಲಾಗಿರುವ ತಿಂಗಳ ತಪಾಸಣೆಗೆ ಹೆಚ್ಚುಕಡಿಮೆ ಒಂದೇ ಶತಮಾನದ ವಯಸ್ಸು.

ಮಗಳು: ಬಿಪಿ ನೋಡೋದು ಬೇಡ ಅಂತ ನಾನು ಹೇಳ್ಲಿಲ್ವಲ್ಲ. ಬಿಪಿ ಜಾಸ್ತಿ ಬಂದ್ರೆ ಮಾತ್ರೆ ಇದೆ, ಆಸ್ಪತ್ರೆಗೆ ಸೇರಿಸ್ಬಹುದು, ಮೆಗ್ನೀಸಿಯಂ ಸಲ್ಫೇಟ್ ಕೊಡ್ಬಹುದು. ರಕ್ತ ಕಮ್ಮಿ ಅಂದ್ರೆ ಐರನ್ ಇದೆ. ನನ್ನ ತಕರಾರು ಇನ್ನೊಂದು ಥರದ ಪರೀಕ್ಷೆ ಮೇಲೆ. ಬನ್ನಿ, ಲೆಕ್ಕ ಮಾಡಿ ತೋರಿಸ್ತೀನಿ.

ಫೈಲಿನ ಹಿಂಬದಿಯ ಖಾಲಿ ಹಾಳೆಯ ಮೇಲೆ ಅವಳು ಬರೆಯುತ್ತ ಹೋದಳು. ತನ್ನ ವಯಸ್ಸಿನ 10,000 ಬಸುರಿಯರು ಇದ್ದಾರೆಂದುಕೊಳ್ಳಿ. ಈ ವಯಸ್ಸಿನಲ್ಲಿ ಡೌನ್ ಸಿಂಡ್ರೋಮ್ ಇರುವ ಮಗು ಸುಮಾರು ಸಾವಿರಕ್ಕೊಂದು, ಅಂದರೆ ಹತ್ತು. ಎನ್‌ಟಿ ಸ್ಕ್ಯಾನೂ ಡಬಲ್ ಮಾರ್ಕರೂ ಸೇರಿ ಆ ಹತ್ತರಲ್ಲಿ ಎಂಟೋ ಒಂಬತ್ತೋ ಹಿಡಿಯುತ್ತವೆ. ಆದರೆ ಏನೂ ತೊಂದರೆ ಇಲ್ಲದವರಲ್ಲೂ ನೂರಕ್ಕೆ ಐವರನ್ನು ಅದೇ ಪರೀಕ್ಷೆ ‘ಹೈ ರಿಸ್ಕ್’ ಪಟ್ಟಿಗೆ ಹಾಕುತ್ತದೆ.

ಮಗಳು: ಐನೂರು ಜನ, ದೊಡ್ಡಮ್ಮ! ಐನೂರು ಜನಕ್ಕೆ ‘ಹೈ ರಿಸ್ಕ್’ ಚೀಟಿ, ಅದರಲ್ಲಿ ನಿಜವಾಗಿ ಇರೋದು ಎಂಟೊಂಬತ್ತು ಮಂದಿಗೆ. ನನ್ನ ಚೀಟೀಲಿ 1:180 ಅಂತಿತ್ತು. ನೂರ ಎಂಬತ್ತರಲ್ಲಿ ನೂರ ಎಪ್ಪತ್ತೊಂಬತ್ತು ಸಲ ಮಗು ಸರಿಯಾಗಿರುತ್ತೆ ಅಂತ ತಾನೆ ಅದರ ಅರ್ಥ? ಗಣಿತ ಕಲಿಸೋ ನನಗೇ ಆ ಹೊತ್ತಿಗೆ ಅದು ಹೊಳೀಲಿಲ್ಲ. ಕೌಂಟರ್‌ನಲ್ಲಿದ್ದ ಹುಡುಗಿ ಚೀಟಿ ಕೊಟ್ಟು, ‘ಮೇಡಂ, ಡಾಕ್ಟರನ್ನ ಅರ್ಜೆಂಟಾಗಿ ನೋಡಿ’ ಅಂದ್ಳು. ಅಷ್ಟೇ.

ದೊಡ್ಡಮ್ಮ: ಅದು ಜರಡಿ ಕಣೇ. ಜರಡಿ ಆಡಿಸಿದಾಗ ಮೇಲೆ ಉಳಿದಿದ್ದೆಲ್ಲ ಕಲ್ಲಲ್ಲ, ಒಂದಿಷ್ಟು ದಪ್ಪ ಕಾಳೂ ಇರುತ್ತೆ. ಕೈಯಲ್ಲಿ ಆರಿಸ್ಬೇಕು. ನಿನಗೆ ಎರಡನೇ ಪರೀಕ್ಷೆ ಮಾಡಿದ್ದು ಅದಕ್ಕೇ. ಹಿಂದೆ ಆಗಿದ್ರೆ ನೇರ ಹೊಟ್ಟೆಗೆ ಸೂಜಿ ಚುಚ್ಚಿ ನೀರು ತೆಗೆಯೋರು, ಅದರಲ್ಲಿ ಗರ್ಭ ಹೋಗೋ ಅಪಾಯ ಸ್ವಲ್ಪ ಇತ್ತು. ಈಗ ತಾಯಿ ರಕ್ತದಲ್ಲೇ ಮುಕ್ಕಾಲು ಪಾಲು ಗೊತ್ತಾಗುತ್ತೆ. ಇದು ಒಳ್ಳೇದಲ್ವಾ?

ಮಗಳು: ಒಳ್ಳೇದೇ. ಆದರೆ ಅದೂ ಜರಡೀನೇ. ನೂರಕ್ಕೆ 99 ಹಿಡಿಯುತ್ತೆ ಅಂತ ಜಾಹೀರಾತು. ನನ್ನ ವಯಸ್ಸಿನವಳಿಗೆ ‘ಇದೆ’ ಅಂತ ಬಂದ್ರೂ ಅದು ಸುಳ್ಳಾಗೋ ಸಾಧ್ಯತೆ ಸಾಕಷ್ಟು ಉಳಿಯುತ್ತೆ, ಕಾಯಿಲೆಯೇ ಅಷ್ಟು ಅಪರೂಪ. ಖಾತ್ರಿಗೆ ಕೊನೆಗೂ ಅದೇ ಸೂಜಿ. ಸರಿ, ಖಾತ್ರಿಯಾಯ್ತು ಅಂದ್ಕೊಳ್ಳಿ. ಆಮೇಲೆ? ಮಾತ್ರೆ ಇದೆಯಾ, ಆಪರೇಷನ್ ಇದೆಯಾ? ಇರೋದು ಒಂದೇ ಪ್ರಶ್ನೆ: ಇಟ್ಕೋತೀಯಾ, ತೆಗೆಸ್ತೀಯಾ? ಆ ಪ್ರಶ್ನೆ ನನಗೆ ಬೇಕಾ ಅಂತ ರಕ್ತ ತೆಗೆಯೋ ಮೊದಲು ಯಾರಾದ್ರೂ ಕೇಳಿದ್ರಾ? ಪ್ಯಾಕೇಜಲ್ಲಿ ಇತ್ತು, ತೆಗೆದ್ರು.

ದೊಡ್ಡಮ್ಮ ಇದಕ್ಕೆ ತಕ್ಷಣ ಉತ್ತರ ಕೊಡಲಿಲ್ಲ. ತಟ್ಟೆಗಳನ್ನು ಒಳಗಿಟ್ಟು ಬಂದು ಕೂತರು.

ದೊಡ್ಡಮ್ಮ: ಕೇಳ್ಬೇಕಿತ್ತು. ಒಪ್ಪಿದೆ. ಆದರೆ ಒಂದು ಹೇಳು, ಗೊತ್ತಿಲ್ಲದೆ ಇರೋದು ಯಾರಿಗೆ ಹಗುರ? ಹುಟ್ಟಿದ ಮೇಲೆ ಗೊತ್ತಾದ ತಾಯಂದಿರನ್ನೂ ನಾನು ನೋಡಿದೀನಿ. ಆ ಮಗೂಗೆ ಹೃದಯದ ತೊಂದರೇನೂ ಇರಬಹುದು. ಮೊದಲೇ ಗೊತ್ತಿದ್ರೆ ಅದನ್ನ ನೋಡೋ ಡಾಕ್ಟರ್ ಇರೋ ಊರಲ್ಲೇ ಹೆರಿಗೆ ಮಾಡಿಸ್ಬಹುದು. ಮನೇವ್ರ ಮನಸ್ಸನ್ನ ಹದ ಮಾಡ್ಕೋಬಹುದು. ತೆಗೆಸ್ಲೇಬೇಕು ಅಂತ ಯಾರೂ ಹೇಳಲ್ಲ. ತೆಗೆಸೋದೇ ಆದ್ರೆ ಕಾನೂನಿಗೂ ದಿನದ ಲೆಕ್ಕ ಇದೆ.

ಆ ದಿನದ ಲೆಕ್ಕ ಹೀಗಿದೆ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಗರ್ಭಪಾತಕ್ಕೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಕಾನೂನು ಗುರುತಿಸಿರುವ ಕೆಲವು ವರ್ಗದ ಹೆಂಗಸರಿಗೆ ಇಬ್ಬರು ವೈದ್ಯರು ಒಪ್ಪಬೇಕು. ಭ್ರೂಣಕ್ಕೆ ಗಂಭೀರ ನ್ಯೂನತೆ ಇದ್ದರೆ 24 ವಾರ ದಾಟಿದ ಮೇಲೂ ಸಾಧ್ಯ, ಆದರೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಐದನೇ ತಿಂಗಳ ಸ್ಕ್ಯಾನನ್ನು 18ರಿಂದ 20 ವಾರದ ನಡುವೆ ಇಡುವುದಕ್ಕೆ ಎರಡು ಕಾರಣ. ಅಷ್ಟರಲ್ಲಿ ಮಗುವಿನ ಬೆನ್ನುಹುರಿ, ಹೃದಯದ ನಾಲ್ಕು ಕೋಣೆ, ಮೂತ್ರಪಿಂಡ ತಕ್ಕಮಟ್ಟಿಗೆ ಕಾಣುವಷ್ಟು ಬೆಳೆದಿರುತ್ತವೆ. ಏನಾದರೂ ಕಂಡರೆ ಯೋಚಿಸಲು, ಇನ್ನೊಬ್ಬ ವೈದ್ಯರನ್ನು ಕೇಳಲು ಒಂದಿಷ್ಟು ಸಮಯವೂ ಉಳಿದಿರುತ್ತದೆ.

ಮಗಳು: ನಮ್ಮ ಬೀದೀಲಿ ಒಬ್ಬ ಹುಡುಗ ಇದ್ದಾನೆ, ಡೌನ್ ಸಿಂಡ್ರೋಮ್. ಅಪ್ಪನ ಅಂಗಡೀಲಿ ಕೂತು ಸಾಮಾನು ಕಟ್ಟಿಕೊಡ್ತಾನೆ. ನನ್ನನ್ನ ಕಂಡ್ರೆ ‘ಮಿಸ್, ಪಾಪು ಯಾವಾಗ?’ ಅಂತಾನೆ. ಆ ಚೀಟಿ ಬಂದ ದಿನ ಅವನ ಮುಖ ನೋಡೋಕೆ ನನಗೆ ಆಗ್ಲಿಲ್ಲ.

ದೊಡ್ಡಮ್ಮ: ಆ ಹುಡುಗನ ಅಮ್ಮನ ಹತ್ರ ಮಾತಾಡಿದೀಯಾ?

ಮಗಳು: ಇಲ್ಲ.

ದೊಡ್ಡಮ್ಮ: ಮಾತಾಡು. ಅವನು ಬಂದಿದ್ದಕ್ಕೆ ಆಕೆಗೆ ಖುಷಿ ಇರಬಹುದು. ತಾನು ಹೋದ ಮೇಲೆ ಅವನ ಗತಿ ಏನು ಅಂತ ರಾತ್ರಿ ಎಚ್ಚರವೂ ಆಗ್ತಿರಬಹುದು. ಎರಡೂ ನಿಜ ಆಗಿರುತ್ತೆ. ಅದನ್ನ ನಾನೂ ಹೇಳೋಕಾಗಲ್ಲ, ನಿನ್ನ ಲೆಕ್ಕವೂ ಹೇಳಲ್ಲ.

ಸ್ಕ್ಯಾನಿನ ಮಾತು ಬಂದ ಮೇಲೆ ಅದರ ಇನ್ನೊಂದು ಮುಖ ಬಾರದೆ ಇರುವುದಿಲ್ಲ. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಹೊಟ್ಟೆಯೊಳಗನ್ನು ಶಬ್ದದ ಅಲೆಗಳಿಂದ ನೋಡುವ ವಿಧಾನವನ್ನು 1958ರಲ್ಲಿ ಪ್ರಕಟಿಸಿದರು. ಮುಂದೆ ಅದೇ ಯಂತ್ರ ನಮ್ಮ ದೇಶದಲ್ಲಿ ಹೆಣ್ಣು ಭ್ರೂಣಗಳನ್ನು ಹುಡುಕಿ ತೆಗೆಸುವ ಸಾಧನವಾಯಿತು. 1994ರಲ್ಲಿ ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು ಬಂತು. ಅಂದಿನಿಂದ ಪ್ರತಿ ಸ್ಕ್ಯಾನ್ ಕೇಂದ್ರದ ಗೋಡೆಯ ಮೇಲೂ ಎಚ್ಚರಿಕೆಯ ಫಲಕ, ಪ್ರತಿ ಬಸುರಿಯ ಸಹಿ ಇರುವ ಅರ್ಜಿ. ಇಷ್ಟಾದರೂ 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನ್ ಯಂತ್ರ ಇಟ್ಟುಕೊಂಡು ಹೆಣ್ಣೋ ಗಂಡೋ ಹೇಳುತ್ತಿದ್ದ ಜಾಲವನ್ನು ಬೆಂಗಳೂರು ಪೊಲೀಸರು ಹಿಡಿದರು. ಬೆಲ್ಲ ಕಾಯಿಸುವ ಜಾಗದಲ್ಲಿ ನಡೆದ ಈ ಕೆಲಸದ ಸುದ್ದಿ ಓದಿ ಹೊಟ್ಟೆ ತೊಳಸದವರು ವಿರಳ.

ದೊಡ್ಡಮ್ಮ: ಅದನ್ನ ಕೇಳಿ ನನಗೆ ಎರಡು ದಿನ ಅನ್ನ ಸೇರ್ಲಿಲ್ಲ. ನಾವು ಮನೆ ಮನೆ ಅಲೆದು ಸ್ಕ್ಯಾನ್ ಮಾಡಿಸ್ಕೊಳ್ಳಿ ಅಂತಿದ್ವಿ. ಅದನ್ನ ಇದಕ್ಕೆ ಬಳಸ್ಕೊಂಡ್ರಲ್ಲ.

ಮಗಳು: ಹೊಟ್ಟೆಯೊಳಗಿರೋದು ಗೊತ್ತಾದಷ್ಟೂ ಆ ಹೊಟ್ಟೆ ಯಾರದ್ದು ಅನ್ನೋದನ್ನ ಎಲ್ರೂ ಮರೀತಾರೆ ದೊಡ್ಡಮ್ಮ. ಹಿಂದಿನ ಸೂಲಗಿತ್ತಿಯರು ಕಣ್ಣು ನೋಡಿ ಮಾತಾಡಿಸ್ತಿದ್ರು. ಪಾವಗಡದ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ, ನಿಮ್ಮ ತಾಲ್ಲೂಕಿನವರೇ, 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ರು. ದುಡ್ಡು ಮುಟ್ಲಿಲ್ಲ. 2018ರಲ್ಲಿ ಪದ್ಮಶ್ರೀ ಕೊಟ್ರು. ಅವರ ಹತ್ರ ಯಾವ ಯಂತ್ರ ಇತ್ತು?

ದೊಡ್ಡಮ್ಮ: ಆ ತಾಯಿಯ ಕೈಗೆ ನಾನು ಕೈ ಮುಗೀತೀನಿ. ಹೊಟ್ಟೆ ಮುಟ್ಟಿ ಮಗು ತಲೆ ಎಲ್ಲಿದೆ, ಅಡ್ಡ ಇದೆಯಾ ಅಂತ ಹೇಳೋ ಕೈ ಅದು. ಈಗ ಬರೋ ಎಷ್ಟೋ ಡಾಕ್ಟರುಗಳಿಗೆ ಆ ಕೈ ಇಲ್ಲ, ಇದನ್ನ ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ. ಆದರೆ ಎಂಥಾ ಕೈಗೂ ಬ್ಲಡ್ ಗ್ರೂಪ್ ತಿಳಿಯಲ್ಲ ಕಣೇ. ತಾಯಿ ನೆಗೆಟಿವ್, ಮಗು ಪಾಸಿಟಿವ್ ಅಂದ್ಕೋ. ಮೊದಲ ಮಗು ಚೆನ್ನಾಗೇ ಹುಟ್ಟುತ್ತೆ. ಎರಡನೇದು ಕಾಮಾಲೆ ಬಂದು ಹೋಗುತ್ತೆ, ಮೂರನೇದು ಹೊಟ್ಟೇಲೇ ಹೋಗುತ್ತೆ. ಊರು ಏನನ್ನುತ್ತೆ? ಆ ಹೆಂಗಸಿನ ಕಾಲ್ಗುಣ, ಮಾಟ, ನಾಗದೋಷ. ಈಗ 28 ವಾರಕ್ಕೆ ಒಂದು ಆಂಟಿ-ಡಿ ಇಂಜೆಕ್ಷನ್, ಹೆರಿಗೆಯಾಗಿ 72 ಗಂಟೆಯೊಳಗೆ ಇನ್ನೊಂದು. ಮುಗೀತು ದೋಷ. ಸಿಫಿಲಿಸ್ ಇರೋ ತಾಯಿಗೆ ಪೆನ್ಸಿಲಿನ್ ಕೊಟ್ರೆ ಮಗು ಉಳಿಯುತ್ತೆ. ಎಚ್‌ಐವಿ ಇದ್ರೆ ಮಾತ್ರೆ ಕೊಟ್ಟು ಮಗೂಗೆ ಹೋಗದ ಹಾಗೆ ತಡೀಬಹುದು. ಇದೆಲ್ಲ ಒಂದೇ ಸೂಜಿ ರಕ್ತದಲ್ಲಿ.

ಮಗಳು: ಇದೆಲ್ಲ ಒಪ್ಪಿದೆ. ಈಗ ನಿಮ್ಮ ಇಲಾಖೆ ಲೆಕ್ಕಕ್ಕೆ ಬರೋಣ. ರಕ್ತಹೀನತೆಗೆ ಎಷ್ಟು ವರ್ಷದಿಂದ ರಕ್ತ ಪರೀಕ್ಷೆ ಮಾಡ್ತಿದೀರಿ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರು ಬಸುರಿಯರಲ್ಲಿ 45ಕ್ಕೂ ಹೆಚ್ಚು ಮಂದಿಗೆ ರಕ್ತ ಕಮ್ಮಿ. ಅದರ ಹಿಂದಿನ ಸಮೀಕ್ಷೇಲೂ ಹೆಚ್ಚುಕಡಿಮೆ ಅಷ್ಟೇ. ಬೆರಳು ಚುಚ್ಚಿದ್ರಿ, ಕಾರ್ಡಿಗೆ ಬರೆದ್ರಿ. ಬದಲಾಗಿದ್ದೇನು?

ದೊಡ್ಡಮ್ಮ: ನೀನು ಕೇಳೋದು ನ್ಯಾಯವೇ. 180 ಐರನ್ ಮಾತ್ರೆ ಕೊಡ್ತಿದ್ವಿ. ನುಂಗಿದ್ರೆ ವಾಂತಿ, ಮಲ ಕಪ್ಪಗೆ. ಮಗು ಕಪ್ಪಾಗುತ್ತೆ ಅಂತ ಒಬ್ಬಳು, ಮಗು ದಪ್ಪ ಆಗಿ ಹೆರಿಗೆ ಕಷ್ಟ ಅಂತ ಇನ್ನೊಬ್ಬಳು. ತಿಪ್ಪೇಲಿ ಮಾತ್ರೆ ಬಿದ್ದಿರೋದನ್ನ ನಾನೇ ನೋಡಿದೀನಿ. ಕಾಫಿ ಜೊತೆ ನುಂಗಬೇಡಿ, ನಿಂಬೆಹಣ್ಣಿನ ನೀರಿನ ಜೊತೆ ತಗೊಳ್ಳಿ ಅಂತ ಕೂತು ಹೇಳಿದ ಮನೇಲಿ ನುಂಗ್ತಿದ್ರು. ಪ್ರತಿ ಮನೇಲೂ ಕೂರೋಕೆ ಹೊತ್ತಿರ್ತಿರಲಿಲ್ಲ, ತಿಂಗಳ ಕೊನೆಗೆ ರಿಜಿಸ್ಟರ್ ತುಂಬ್ಬೇಕಿತ್ತು. ಮತ್ತೆ ಅನ್ನ ಸಾರು ಬಿಟ್ಟು ಬೇರೇನೂ ಕಾಣದ ತಟ್ಟೆಗೆ ಮಾತ್ರೆ ಎಷ್ಟು ಮಾಡುತ್ತೆ ಹೇಳು? ಆದರೆ ಇನ್ನೊಂದು ಲೆಕ್ಕವೂ ಹೇಳು ನೀನು. ಎಷ್ಟು ತಾಯಂದಿರು ಸಾಯ್ತಿದ್ರು, ಈಗ ಎಷ್ಟು?

ಮಗಳಿಗೆ ಅದೂ ಗೊತ್ತಿತ್ತು. 2004-06ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಇಳಿಕೆಗೆ ತಪಾಸಣೆ ಒಂದೇ ಕಾರಣವಲ್ಲ ಎಂದು ಅವಳು ವಾದಿಸಿದಳು: ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲಾಗುತ್ತಿದೆ, 108 ಆಂಬುಲೆನ್ಸ್ ಬಂದಿದೆ, ರಕ್ತನಿಧಿಗಳಿವೆ, ಹೆಂಗಸರು ಹೆರುವ ಮಕ್ಕಳ ಸಂಖ್ಯೆಯೂ ಕಡಿಮೆಯಾಗಿದೆ. ಸರಿಯಾದ ಮಾತೇ. ಆದರೆ ಆ ಆಂಬುಲೆನ್ಸ್ ಯಾರ ಮನೆಗೆ, ಯಾವ ವಾರ ಬೇಕಾಗಬಹುದು ಎಂದು ಮುಂಚೆಯೇ ಹೇಳಿದ್ದು ಉಪಕೇಂದ್ರದ ರಿಜಿಸ್ಟರು. ಭೇಟಿಗಳ ಸಂಖ್ಯೆಯ ವಿಷಯದಲ್ಲಂತೂ ಜಗತ್ತು ಒಮ್ಮೆ ಪ್ರಯೋಗ ಮಾಡಿ ನೋಡಿದೆ. ನಾಲ್ಕು ಭೇಟಿ ಸಾಕು ಎನ್ನುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಕನಿಷ್ಠ ಎಂಟು ಬೇಕು ಎಂದಿತು. ಭೇಟಿ ಕಡಿಮೆ ಮಾಡಿದ ಬಡ ದೇಶಗಳಲ್ಲಿ ಹುಟ್ಟುವ ಮುನ್ನ ಮತ್ತು ಹುಟ್ಟಿದ ಕೂಡಲೇ ಸಾಯುವ ಮಕ್ಕಳು ಹೆಚ್ಚಿದ್ದು ಕಂಡುಬಂದಿತ್ತು.

ಮಗಳು: ಹೆಚ್ಚು ಅಂದ್ರೆ ಯಾವಾಗ್ಲೂ ಒಳ್ಳೇದು ಅಂತೇನಲ್ಲ. ಬಿಪಿ ತೊಂದರೆ ತಡೆಯೋಕೆ ಕ್ಯಾಲ್ಸಿಯಂ ದಿನಕ್ಕೆ 1,500 ಮಿಲಿಗ್ರಾಂ ಬೇಕು ಅಂತಿದ್ರು. ಬೆಂಗಳೂರಿನ ಸೇಂಟ್ ಜಾನ್ಸ್‌ನವರು 11,000 ಚೊಚ್ಚಲ ಬಸುರಿಯರಲ್ಲಿ ಪರೀಕ್ಷಿಸಿದ್ರು, 2024ರಲ್ಲಿ ಫಲಿತಾಂಶ ಬಂತು. 500 ತಗೊಂಡವರಲ್ಲಿ ನೂರಕ್ಕೆ 3.0, 1,500 ತಗೊಂಡವರಲ್ಲಿ 3.6 ಮಂದಿಗೆ ಪ್ರಿ-ಎಕ್ಲಾಂಪ್ಸಿಯಾ. ಕಮ್ಮೀನೇ ಸಾಕು ಅಂತಾಯ್ತು.

ದೊಡ್ಡಮ್ಮ: ಅದೂ ನೋಡು, ನಮ್ಮ ಹೆಂಗಸರು ತಪಾಸಣೆಗೆ ಬಂದಿದ್ದಕ್ಕೇ ಗೊತ್ತಾಗಿದ್ದು.

ಮಗಳು ನಕ್ಕಳು. ಮರುಕ್ಷಣ ಅವಳ ದನಿ ಬದಲಾಯಿತು.

ಮಗಳು: ಇದೇ ಊರಲ್ಲಿ 2022ರ ನವೆಂಬರಲ್ಲಿ ಏನಾಯ್ತು ದೊಡ್ಡಮ್ಮ? ತಮಿಳುನಾಡಿನಿಂದ ಬಂದಿದ್ದ ತುಂಬು ಬಸುರಿ, ಹೊಟ್ಟೇಲಿ ಅವಳಿ. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಅಂತ ಜಿಲ್ಲಾ ಆಸ್ಪತ್ರೇಲಿ ಸೇರಿಸ್ಕೊಳ್ಳದೆ ವಾಪಸ್ ಕಳಿಸಿದ್ರು. ಮನೇಲಿ ಹೆತ್ತು ತಾಯೀನೂ ಸತ್ಲು, ಎರಡು ಕೂಸೂ ಹೋದ್ವು. ನೀವು ಪ್ರೀತಿಯಿಂದ ತುಂಬಿಸ್ತಿದ್ದ ಇದೇ ಕಾರ್ಡು.

ದೊಡ್ಡಮ್ಮ ತಾಯಿ ಕಾರ್ಡನ್ನು ಕೈಗೆತ್ತಿಕೊಂಡರು.

ದೊಡ್ಡಮ್ಮ: ಇದನ್ನ ಮಾಡಿದ್ದು ಒಳಗೆ ಕರೆಯೋಕೆ. ಹೊರಗೆ ಕಳಿಸೋಕಲ್ಲ. ನೋವು ತಿಂತಿರೋ ಹೆಂಗಸಿನ ಹತ್ರ ಕಾಗದ ಕೇಳೋದು ಪಾಪ, ಅದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ನನ್ನ ಮನಸ್ಸಿಗೆ ಚುಚ್ಚೋದು ಇನ್ನೊಂದಿದೆ. ಅವಳಿಗೆ ಕಾರ್ಡ್ ಯಾಕಿರಲಿಲ್ಲ? ಒಂಬತ್ತು ತಿಂಗಳು ಅವಳ ಬಾಗಿಲಿಗೆ ಯಾರೂ ಹೋಗಿರಲಿಲ್ಲ ಅಂತ ತಾನೆ? ಗುಳೆ ಬಂದವರು, ಬಾಡಿಗೆ ಶೆಡ್ಡಿನವರು, ಕಟ್ಟಡದ ಕೆಲಸದವರು ಯಾವ ಉಪಕೇಂದ್ರದ ಪಟ್ಟಿಗೂ ಬರಲ್ಲ. ನಿನಗೆ ಆರು ಸ್ಕ್ಯಾನ್, ಅಂಥವಳಿಗೆ ಒಂದು ಬಿಪಿ ಪಟ್ಟಿಯೂ ಇಲ್ಲ.

ಮಗಳು: 2024ರ ನವೆಂಬರಲ್ಲಿ ಬಳ್ಳಾರೀಲಿ ಸಿಸೇರಿಯನ್ ಆದ ಐದು ಜನ ಬಾಣಂತಿಯರು ಸತ್ರಲ್ಲ, ಡ್ರಿಪ್ಪಿಗೆ ಹಾಕಿದ ದ್ರಾವಣದ ಮೇಲೆ ಸಂಶಯ ಬಂದು ಸರ್ಕಾರ ಅದನ್ನ ನಿಲ್ಲಿಸ್ತು. ಅವರು ಕಾರ್ಡ್ ಇದ್ದು ಆಸ್ಪತ್ರೆಗೆ ಹೋದವರು. ಕರೆದ ಕಡೆಗೆಲ್ಲ ಬಂದವರನ್ನ ಕಾಪಾಡೋಕಾಗದಿದ್ರೆ, ತಪಾಸಣೆಗೆ ಬನ್ನಿ ಬನ್ನಿ ಅಂತ ಕರೆಯೋ ಹಕ್ಕು ಎಲ್ಲಿಂದ ಬರುತ್ತೆ?

ದೊಡ್ಡಮ್ಮ: ಹಕ್ಕಿನ ಮಾತು ನನಗೆ ಗೊತ್ತಿಲ್ಲ. ಕರೆಯದೇ ಇದ್ದಾಗ ಏನಾಗ್ತಿತ್ತು ಅಂತ ಗೊತ್ತು. ಕರೀತೀನಿ, ಜಗಳವೂ ಆಡ್ತೀನಿ.

ಇಲ್ಲಿ ಇಬ್ಬರೂ ತಮ್ಮ ತಮ್ಮ ಜಾಗದಿಂದ ಕದಲಲಿಲ್ಲ. ಕದಲುವ ಅಗತ್ಯವೂ ಈ ಲೇಖನಕ್ಕೆ ಕಾಣುತ್ತಿಲ್ಲ. ಬಸುರಿನ ಪರೀಕ್ಷೆಗಳೆಲ್ಲ ಒಂದೇ ಜಾತಿಯವಲ್ಲ. ಕೆಲವಕ್ಕೆ ಮದ್ದಿದೆ, ಅವನ್ನು ಮಾಡದಿರುವುದು ಅಪರಾಧ. ಕೆಲವು ಬರೀ ಸಾಧ್ಯತೆ ಹೇಳಿ ತೀರ್ಮಾನವನ್ನು ಹೆಂಗಸಿನ ಮಡಿಲಿಗೆ ಹಾಕುತ್ತವೆ, ಅವನ್ನು ಕೇಳದೆ ಮಾಡುವುದು ಅನ್ಯಾಯ. ಎರಡನ್ನೂ ಒಂದೇ ಬಿಲ್ಲಿನಲ್ಲಿ ಸೇರಿಸಿ ‘ರೊಟೀನ್’ ಎಂದಾಗ ಈ ವ್ಯತ್ಯಾಸ ಮಾಯವಾಗುತ್ತದೆ. ಅದನ್ನು ವಿವರಿಸಲು ಯಂತ್ರ ಬೇಡ. ಕಾಲು ಗಂಟೆ ಕೂತು ಮಾತಾಡುವವರು ಬೇಕು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ನಡೆಯುವಾಗ ಸಾಲಿನ ಉದ್ದ ಕಂಡವರಿಗೆ, ಆ ಕಾಲು ಗಂಟೆ ಎಷ್ಟು ದುಬಾರಿ ಎಂದು ಗೊತ್ತು.

ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಫೈಲಿನ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಬಣ್ಣದ ಸ್ಕ್ಯಾನ್ ಚಿತ್ರ, ಥೈರಾಯ್ಡ್, ವಿಟಮಿನ್ ಡಿ, ಎನ್‌ಐಪಿಟಿ. ಕೊನೆಯ ಹಾಳೆ ಮುಗಿದ ಮೇಲೆ ಮತ್ತೆ ಮೊದಲಿನಿಂದ ನೋಡಿದರು.

ದೊಡ್ಡಮ್ಮ: ಗ್ಲೂಕೋಸ್ ಕುಡಿಸಿ ಶುಗರ್ ನೋಡಿದ್ದು ಎಲ್ಲಿ?

ಮಗಳು: ಯಾರೂ ಕುಡಿಸಿಲ್ಲ. ಖಾಲಿ ಹೊಟ್ಟೆ ಶುಗರ್ ಒಂದು ಸಲ ನೋಡಿದ್ರು.

ದೊಡ್ಡಮ್ಮ: ಇಷ್ಟು ಸಾವಿರ ತಗೊಂಡು ಅದನ್ನ ಬಿಟ್ಟಿದ್ದಾರಾ! ಮೊದಲನೇ ಭೇಟೀಲೇ ಒಂದು ಸಲ ಮಾಡ್ಬೇಕು, 24ರಿಂದ 28 ವಾರದೊಳಗೆ ಇನ್ನೊಂದು ಸಲ. 75 ಗ್ರಾಂ ಗ್ಲೂಕೋಸ್ ನೀರಲ್ಲಿ ಕಲಸಿ ಕುಡಿಯೋದು, ಎರಡು ಗಂಟೆ ಬಿಟ್ಟು ರಕ್ತ. 140 ದಾಟಿದ್ರೆ ಊಟದಲ್ಲಿ ಹಿಡಿತ, ಅದಕ್ಕೂ ಬಗ್ಗದಿದ್ರೆ ಔಷಧಿ. ಉಪವಾಸ ಇರಬೇಕು ಅಂತಿಲ್ಲ. ಉಪಕೇಂದ್ರದಲ್ಲೂ ಆಗುತ್ತೆ.

ಇಂಥ ಪರೀಕ್ಷೆಗೆ ಮೈಸೂರಿನದೊಂದು ಹಿನ್ನೆಲೆ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಊರವರ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟ ದಾಖಲೆಗಳನ್ನು ಕಾಪಾಡಿಕೊಂಡಿತ್ತು. 1997-98ರಲ್ಲಿ ಅಲ್ಲೇ ಬಸುರಿಯರಿಗೆ ಗ್ಲೂಕೋಸ್ ಕುಡಿಸಿ ನೋಡಿದಾಗ ನೂರಕ್ಕೆ ಆರಕ್ಕೂ ಹೆಚ್ಚು ಮಂದಿಯಲ್ಲಿ ಬಸುರಿನ ಸಕ್ಕರೆ ಕಾಯಿಲೆ ಸಿಕ್ಕಿತು. ಆ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ತಾಯಿಗೆ ಸಕ್ಕರೆ ಇದ್ದ ಮಕ್ಕಳಲ್ಲಿ ಕೊಬ್ಬು ಹೆಚ್ಚು ಸೇರುತ್ತಿತ್ತು.

ಮಗಳು: ಕೊಡಿ ಇಲ್ಲಿ, ಬರ್ಕೋತೀನಿ. ಮಂಗಳವಾರ ಹೋದಾಗ ಕೇಳ್ತೀನಿ.

ದೊಡ್ಡಮ್ಮ: ಮಂಗಳವಾರ ಹೋಗಲ್ಲ ಅಂದೆ?

ಮಗಳು: ಹೋಗ್ತೀನಿ. ಆದರೆ ಮೊದಲು ಡಾಕ್ಟರ ಹತ್ರ ಕೂತು ಮೂರು ವಿಷಯ ಕೇಳ್ತೀನಿ. ಈ ಸ್ಕ್ಯಾನಲ್ಲಿ ಏನೇನು ಕಾಣುತ್ತೆ, ಏನೇನು ಕಾಣಲ್ಲ, ಕಂಡ್ರೆ ಮುಂದಿನ ಹೆಜ್ಜೆ ಏನು. ಉತ್ತರ ಹೇಳೋವರೆಗೂ ಮಂಚ ಹತ್ತಲ್ಲ. ಡಬಲ್ ಮಾರ್ಕರ್ ವಿಷಯದಲ್ಲಿ ಮಾತ್ರ ನನ್ನ ಮಾತು ಅದೇ. ಇನ್ನೊಂದು ಸಲ ಬಸುರಿಯಾದ್ರೆ ಮಾಡಿಸ್ಕೊಳ್ಳಲ್ಲ.

ದೊಡ್ಡಮ್ಮ: ಆಗ ನಿನಗೆ ಮೂವತ್ತೈದು ಆಗಿದ್ರೆ? ಸಾವಿರಕ್ಕೊಂದು ಇದ್ದದ್ದು ಮುನ್ನೂರೈವತ್ತಕ್ಕೊಂದು ಆಗುತ್ತೆ.

ಮಗಳು: ಆಗ ಹೊಸ ಲೆಕ್ಕ ಹಾಕೋಣ ಬಿಡಿ. ಈ ಗ್ಲೂಕೋಸ್ ನೀರು ಕುಡಿದು ವಾಂತಿಯಾದ್ರೆ?

ದೊಡ್ಡಮ್ಮ: ಅರ್ಧ ಗಂಟೆಯೊಳಗೆ ಆದ್ರೆ ಮಾರನೇ ದಿನ ಮತ್ತೆ ಕುಡೀಬೇಕು. ಆಮೇಲೆ ಆದ್ರೆ ಪರವಾಗಿಲ್ಲ, ಪರೀಕ್ಷೆ ಮುಂದುವರಿಸ್ತಾರೆ. ಒಂದೇ ಗುಟುಕಿಗೆ ಕುಡೀಬೇಡ, ಐದು ಹತ್ತು ನಿಮಿಷ ತಗೊಂಡು ನಿಧಾನಕ್ಕೆ ಕುಡಿ. ನಾಡಿದ್ದು ನಾನೂ ಬರ್ತೀನಿ ಬೆಂಗಳೂರಿಗೆ, ನಿನ್ನ ಬಿಪಿ ಎಷ್ಟು ಅಂತ ಈ ಫೈಲಲ್ಲಿ ಕಳೆದ ತಿಂಗಳು ಬರೆದೇ ಇಲ್ಲ.